ಬಂದದ್ದನ್ನು ಕಳಿಸಿದೆ

ನಮ್ಮ ಮನೆಗಳಲ್ಲಿ ಈಗ ಫಜರ್ ನಮಾಜು ಮುಗಿಸಿ ಏಳುವ ಹೊತ್ತಿಗೆ ನಗೆಚಾಟಿಕೆ ಬಂದು ಕೂತಿರುತ್ತದೆ. ಮೊಬೈಲು ತೆರೆದರೆ ಕುಟುಂಬದ ಗ್ರೂಪಿನಲ್ಲಿ ಮಿನುಗುವ ಗುಲಾಬಿಯ ಜೊತೆ ಜುಮ್ಮಾ ಮುಬಾರಕ್, ಅದರ ಕೆಳಗೆ ಡೋಲು ಬಡಿಯುವ ಕೋತಿ, ಅದರ ಕೆಳಗೆ ತಲೆಯ ಮೇಲೆ ಇಸ್ತ್ರಿಪೆಟ್ಟಿಗೆ ಬಿದ್ದು ಕಾಗದದಂತೆ ಚಪ್ಪಟೆಯಾದ ಬೆಕ್ಕು. ಮೂರನ್ನೂ ಕಳಿಸಿದವರು ನನ್ನ ಚಿಕ್ಕ ಮಾಮು. ನೌಕರಿಯಿಂದ ನಿವೃತ್ತರಾದ ಮೇಲೆ ಅವರಿಗೆ ಇದೊಂದು ಉದ್ಯೋಗ. ಬೆಳಿಗ್ಗೆ ಹತ್ತು ಗಂಟೆಯಾದರೂ ಅವರಿಂದ ಒಂದು ಬೆಕ್ಕೋ ಕೋತಿಯೋ ಬರಲಿಲ್ಲವೆಂದರೆ ಯಾರಾದರೊಬ್ಬರು ಫೋನು ಮಾಡಿ, "ಖೈರಿಯತ್ ತಾನೇ ಮಾಮು?" ಎಂದು ವಿಚಾರಿಸುತ್ತಾರೆ.

ಇದನ್ನು ಹಗುರವಾಗಿ ಕಾಣುವವರಿದ್ದಾರೆ. ಓದಿದವರಿಗೆ, ಅದರಲ್ಲೂ ಬರೆಯುವವರಿಗೆ, ಇಂಥ ಕ್ಲಿಪ್ಪುಗಳೆಂದರೆ ಮೂಗು ಮುರಿಯುವುದೊಂದು ಚಾಳಿ. ನನಗೆ ಹಾಗನ್ನಿಸುವುದಿಲ್ಲ. ಮೊದಲು ಸಂಜೆ ಹೊತ್ತು ಜಗುಲಿಯ ಮೇಲೆ ಕೂತು, ಹಾದಿಯಲ್ಲಿ ಹೋಗುವವರನ್ನು ಕರೆದು ಒಂದು ಮಾತಾಡಿಸಿ ಕಳಿಸುತ್ತಿದ್ದ ಹಿರಿಯರಿದ್ದರಲ್ಲ, ಮಾಮು ಅವರದೇ ಜಾತಿ. ಜಗುಲಿ ಹೋಯಿತು, ಹಾದಿಹೋಕರು ಜಿದ್ದಾ, ದುಬೈ, ಬೆಂಗಳೂರು ಸೇರಿದರು. ಬೆಕ್ಕು ಅವರನ್ನು ಹುಡುಕಿಕೊಂಡು ಹೋಗುತ್ತದೆ. ಅದು ಹೊತ್ತೊಯ್ಯುವುದು ಜೋಕನ್ನಲ್ಲ, ಸಲಾಮನ್ನು.

ಆ ಬೆಕ್ಕು ಹೆಚ್ಚಿನ ಸಲ ಟಾಮ್ ಆಗಿರುತ್ತದೆ. ಯಾಕೆ ಟಾಮ್ ಮತ್ತು ಜೆರ‍್ರಿಯೇ ಇಷ್ಟು ಓಡಾಡುತ್ತವೆ ಎಂದು ಯೋಚಿಸಿದ್ದೇನೆ. ವಿಲಿಯಂ ಹನ್ನಾ ಮತ್ತು ಜೋಸೆಫ್ ಬಾರ್ಬೆರಾ ಎಂಬಿಬ್ಬರು ಅಮೆರಿಕದ ಎಂಜಿಎಂ ಸ್ಟುಡಿಯೋದಲ್ಲಿ ಈ ಜೋಡಿಯ ಮೊದಲ ಚಿತ್ರ ಮಾಡಿದ್ದು 1940ರಲ್ಲಿ. ಆಗ ಬೆಕ್ಕಿನ ಹೆಸರು ಟಾಮ್ ಅಲ್ಲ, ಜ್ಯಾಸ್ಪರ್. 1958ರವರೆಗೆ ಆ ಇಬ್ಬರು 114 ಕಿರುಚಿತ್ರ ಮಾಡಿದರು, ಏಳು ಆಸ್ಕರ್ ಪ್ರಶಸ್ತಿ ಬಂತು. ಏಳೆಂಟು ನಿಮಿಷದ ಆ ಚಿತ್ರಗಳಲ್ಲಿ ಮಾತು ಇಲ್ಲವೆನ್ನುವಷ್ಟು ಕಡಿಮೆ. ಮಾತಿನ ಕೆಲಸವನ್ನೆಲ್ಲ ಸ್ಕಾಟ್ ಬ್ರಾಡ್ಲಿಯ ಸಂಗೀತ ಮಾಡುತ್ತದೆ. ಇಲಿ ಮೆಟ್ಟಿಲಿಳಿದರೆ ಪಿಯಾನೋ ಇಳಿಯುತ್ತದೆ, ಬೆಕ್ಕು ಜಾರಿದರೆ ಪಿಟೀಲು ಜಾರುತ್ತದೆ. ಬಾಲ ಬಾಗಿಲಿಗೆ ಸಿಕ್ಕಿದಾಗ ಟಾಮ್ ಹಾಕುವ ಆ ಕಿರುಚು ಮಾತ್ರ ಮನುಷ್ಯನದು, ಸ್ವತಃ ಹನ್ನಾ ಕೊಟ್ಟದ್ದು. ನಮ್ಮ ದೇಶಕ್ಕೆ ಕಾರ್ಟೂನ್ ನೆಟ್‌ವರ್ಕ್ ಬಂದ 1995ರ ಹೊತ್ತಿಗೆ ಈ ಚಿತ್ರಗಳು ಮುದುಕಾಗಿದ್ದವು. ಆದರೂ ಯಾರೂ ಅನುವಾದಿಸುವ ಅಗತ್ಯ ಬೀಳಲಿಲ್ಲ.

ನನ್ನ ಅಮ್ಮಿಗೆ ಕುರ್‌ಆನ್ ಓದಲು ಬರುತ್ತದೆ, ಉರ್ದು ಅಕ್ಷರ ಕೂಡಿಸಿ ಓದುತ್ತಾರೆ. ಕನ್ನಡ ಮಾತಾಡುತ್ತಾರೆ, ಓದಲಾರರು. ಜಿದ್ದಾದಲ್ಲಿರುವ ನನ್ನ ತಮ್ಮನ ಮಗನಿಗೆ ಇಂಗ್ಲಿಷು, ಒಂದಿಷ್ಟು ಅರಬಿ ಬರುತ್ತದೆ. ನಮ್ಮ ದಖನಿಯಲ್ಲಿ ಅವನು ಎರಡು ಮಾತಾಡಿದರೆ ಮೂರನೆಯದಕ್ಕೆ ತಡವರಿಸುತ್ತಾನೆ. ಈ ಅಜ್ಜಿ ಮೊಮ್ಮಗನ ನಡುವೆ ಇರುವ ಒಂದೇ ಪೂರ್ತಿ ಸಂಭಾಷಣೆಯೆಂದರೆ ಟಾಮ್ ಮತ್ತು ಜೆರ‍್ರಿ. ಅವನೊಂದು ತುಣುಕು ಕಳಿಸುತ್ತಾನೆ, ಅಮ್ಮಿ ಧ್ವನಿಸಂದೇಶದಲ್ಲಿ ಉತ್ತರ ಕೊಡುತ್ತಾರೆ. ಒಮ್ಮೆ, ಕೋಳಿಯ ತೊಡೆಗೆ ಕೈಯಿಟ್ಟ ಟಾಮ್ ಹೊಡೆತ ತಿಂದು ಗೋಡೆಗೆ ಅಂಟಿದ್ದನ್ನು ನೋಡಿ ಹುಡುಗ ಬಿದ್ದು ಬಿದ್ದು ನಕ್ಕಿದ್ದ. ಅಮ್ಮಿಯೂ ನಕ್ಕರು. ನಕ್ಕು ಮುಗಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಬಿಚಾರೀ ಬಿಲ್ಲಿ. ಉಸ್ಕೂ ಭೀ ತೋ ಭೂಕ್ ಲಗ್ತೀ ನಾ?" ಎಂದರು. ಪಾಪ, ಅದಕ್ಕೂ ಹಸಿವಾಗುವುದಿಲ್ಲವೇ ಎಂದು.

ಬಿದ್ದದ್ದನ್ನು ನೋಡಿ ನಗುವುದು, ನಕ್ಕ ಮೇಲೆ ಬಿದ್ದವರ ಹಸಿವನ್ನು ನೆನೆಯುವುದು – ಹಾಸ್ಯ ನನಗೆ ಕಲಿಸಿದ್ದು ಇದನ್ನೇ. ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲೂ ಆಮೇಲೆ ಕನ್ನಡ ಶಾಲೆಯಲ್ಲೂ ಓದಿದ್ದರಿಂದ ನನಗೆ ಎರಡು ಮನೆಯ ನಗು ಗೊತ್ತು. ಉರ್ದು ಮನೆಯಲ್ಲಿ ಗುಲ್ಬರ್ಗಾದ ಸುಲೇಮಾನ್ ಖತೀಬ್ ಇದ್ದರು. ನಾವು ಅಡುಗೆಮನೆಯಲ್ಲಿ ಆಡುವ, ಶಾಲೆಯಲ್ಲಿ ಆಡಿದರೆ ಬೈಸಿಕೊಳ್ಳುವ ದಖನಿಯಲ್ಲೇ ಕವಿತೆ ಬರೆದವರು. ಅತ್ತೆ ಸೊಸೆಯರ ಜಗಳ, ಮದುವೆಯ ಮಾತುಕತೆಯ ಚೌಕಾಸಿ ಅವರ ಕೈಗೆ ಸಿಕ್ಕಿದರೆ ಮುಷಾಯಿರಾ ಪೂರ್ತಿ ನಗುತ್ತಿತ್ತು ಎಂದು ಅಬ್ಬಾ ಹೇಳುತ್ತಿದ್ದರು. ಆದರೆ ಕೊನೆಗೆ ಬರುವಾಗ ಆ ನಗು ಗಂಟಲಲ್ಲಿ ನಿಲ್ಲುತ್ತಿತ್ತಂತೆ. ಕನ್ನಡ ಮನೆಯಲ್ಲಿ ಬೀಚಿ ಇದ್ದರು. ತಮ್ಮ ಆತ್ಮಕಥೆಯನ್ನೇ 'ಭಯಾಗ್ರಫಿ' ಎಂದು ಕರೆದುಕೊಂಡವರು. ಅದಕ್ಕೂ ಮೊದಲು, 1942ರಲ್ಲಿ, ರಾಶಿಯವರು ಶುರು ಮಾಡಿದ 'ಕೊರವಂಜಿ' ಇತ್ತು. ವೃತ್ತಿಯಲ್ಲಿ ಡಾಕ್ಟರಾಗಿದ್ದವರು ನಗೆಪತ್ರಿಕೆ ನಡೆಸಿದ್ದು, ಆರ್. ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ.

ಗುಲ್ಬರ್ಗಾ ಜಿಲ್ಲೆಯಲ್ಲೇ 1936ರಲ್ಲಿ ಹುಟ್ಟಿದ ಮುಜ್ತಬಾ ಹುಸೇನರನ್ನೂ ಇಲ್ಲಿ ನೆನೆಯಬೇಕು. ಹೈದರಾಬಾದಿನ 'ಸಿಯಾಸತ್' ಪತ್ರಿಕೆಯಲ್ಲಿ ಹಾಸ್ಯದ ಅಂಕಣ ಬರೆಯುತ್ತಾ ಬೆಳೆದವರು. 2007ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪೌರತ್ವ ಕಾಯ್ದೆಯ ಗಲಾಟೆಯ ದಿನಗಳಲ್ಲಿ, 2019ರ ಡಿಸೆಂಬರಿನಲ್ಲಿ, ದೇಶದ ಸ್ಥಿತಿ ಕಂಡು ನೊಂದು ಅದನ್ನು ಹಿಂದಿರುಗಿಸುವುದಾಗಿ ಹೇಳಿದರು. ಜೀವನವಿಡೀ ನಗಿಸಿದವರು ಕೊನೆಗಾಲದಲ್ಲಿ ನಗಲಾರದೆ ಹೋದರು. ಗೆಳೆಯರ ಬಗ್ಗೆ ಅವರು ಬರೆದ ವ್ಯಕ್ತಿಚಿತ್ರಗಳು, ಉರ್ದುವಿನಲ್ಲಿ ಖಾಕಾ ಎನ್ನುತ್ತೇವೆ, ಬಲು ಪ್ರಸಿದ್ಧ. ಗೆಳೆಯರನ್ನು ಗೇಲಿ ಮಾಡುತ್ತಿದ್ದರು, ಆ ಗೆಳೆಯರು ಅದೇ ಊರಿನಲ್ಲಿ, ಅದೇ ಮಹಫಿಲಿನಲ್ಲಿ ಸಿಗುವವರಾಗಿದ್ದರು.

ಈ ಹಿರಿಯರೆಲ್ಲರ ಹಾಸ್ಯಕ್ಕೆ ಒಂದು ಸಾಮಾನ್ಯ ಗುಣವಿತ್ತು. ಕೆಳಗೆ ಹೆಸರಿತ್ತು. ನಗಿಸಿದವರು ಯಾರೆಂದು ಗೊತ್ತಿತ್ತು. ನೋವಾದರೆ ಹೋಗಿ ಬಾಗಿಲು ತಟ್ಟಬಹುದಿತ್ತು.

ಈಗ ಬರುವ ಕ್ಲಿಪ್ಪಿನ ಬಾಗಿಲು ಎಲ್ಲಿದೆ? ಮುಲ್ಲಾ ನಸ್ರುದ್ದೀನರ ಒಂದು ಕತೆ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಯಾರೋ ಹಳ್ಳಿಯವನೊಬ್ಬ ಮುಲ್ಲಾಗೆ ಒಂದು ಬಾತುಕೋಳಿ ತಂದುಕೊಟ್ಟ. ಮುಲ್ಲಾ ಅದರ ಶೋರ್ಬಾ ಮಾಡಿಸಿ ಅವನಿಗೂ ಉಣಬಡಿಸಿದರು. ಮಾರನೆಯ ದಿನ ಒಬ್ಬ ಬಂದ, ಬಾತುಕೋಳಿ ತಂದವನ ಗೆಳೆಯನಂತೆ. ಉಂಡು ಹೋದ. ಆಮೇಲೆ ಗೆಳೆಯನ ಗೆಳೆಯ, ಅವನ ಗೆಳೆಯ, ಹೀಗೆ ಸಾಲು. ಕೊನೆಗೆ ಬಂದವನ ಮುಂದೆ ಮುಲ್ಲಾ ಒಂದು ಬಟ್ಟಲು ಬಿಸಿನೀರಿಟ್ಟು, ಇದು ಬಾತುಕೋಳಿಯ ಶೋರ್ಬಾದ ಶೋರ್ಬಾದ ಶೋರ್ಬಾ ಎಂದರಂತೆ. ಫಾರ್ವರ್ಡ್ ಆಗಿ ಬಂದ ನಗು ಅದೇ ಬಿಸಿನೀರು. ಮೂಲದಲ್ಲಿ ಬಾತುಕೋಳಿಯಿತ್ತೋ ವಿಷವಿತ್ತೋ ತಿಳಿಯುವುದಿಲ್ಲ. ನೂರು ಫೋನು ದಾಟುವಷ್ಟರಲ್ಲಿ ಚಿತ್ರ ಮಸುಕಾಗಿ, ಅಂಚು ಕತ್ತರಿಸಿಹೋಗಿ, ಮಾಡಿದವರ ಹೆಸರಿದ್ದರೆ ಅದೂ ಉಳಿದಿರುವುದಿಲ್ಲ.

ಇಂಥ ಚಲಿಸುವ ಚಿತ್ರದ ಹಿಂದೆಯೂ ಮನುಷ್ಯರಿದ್ದಾರೆ ಎಂಬುದನ್ನು ಮರೆಯುತ್ತೇವೆ. ನಾವು ಜಿಐಎಫ್ ಎನ್ನುವ ಚಿತ್ರದ ರೂಪವನ್ನು 1987ರಲ್ಲಿ ಕಾಂಪ್ಯುಸರ್ವ್ ಎಂಬ ಅಮೆರಿಕದ ಕಂಪೆನಿಯಲ್ಲಿ ಸ್ಟೀವ್ ವಿಲ್‌ಹೈಟ್ ಎಂಬವರ ತಂಡ ರೂಪಿಸಿತು. ಬರೀ 256 ಬಣ್ಣ, ಶಬ್ದವಿಲ್ಲ. ಅಂದಿನ ನಿಧಾನದ ಟೆಲಿಫೋನ್ ತಂತಿಯಲ್ಲಿ ಸಾಗಬೇಕಲ್ಲ, ಆದಷ್ಟು ಹಗುರವಾಗಿರಲಿ ಎಂದು. ಅದನ್ನು 'ಜಿಫ್' ಎಂದು ಉಚ್ಚರಿಸಬೇಕೆಂದು ಅವರು ಕೊನೆಯವರೆಗೂ ಹೇಳುತ್ತಿದ್ದರು, ಜಗತ್ತಿನ ಅರ್ಧ ಜನ 'ಗಿಫ್' ಎನ್ನುವುದನ್ನು ಬಿಡಲಿಲ್ಲ. 2022ರಲ್ಲಿ ತೀರಿಕೊಂಡರು. 1996ರ ಸುಮಾರಿಗೆ ಕಂಪ್ಯೂಟರಿನಲ್ಲಿ ಮಾಡಿದ, ಚಡ್ಡಿ ತೊಟ್ಟ ಕೂಸೊಂದು ಕುಣಿಯುವ ತುಣುಕು ಈಮೇಲಿನಲ್ಲಿ ಊರೂರು ಸುತ್ತಿತು. ಜನ ಜನಕ್ಕೆ ಕಳಿಸಿ ಹರಡಿದ ಮೊದಮೊದಲ ನಗೆತುಣುಕುಗಳಲ್ಲಿ ಅದೂ ಒಂದು. ಇಂದು ವಾಟ್ಸಪ್ಪಿನಲ್ಲಿ ನಾವು ಜಿಐಎಫ್ ಎಂದು ಕಳಿಸುವುದು ವಾಸ್ತವವಾಗಿ ಶಬ್ದವಿಲ್ಲದ ಪುಟ್ಟ ವಿಡಿಯೋ. ಹೆಸರು ಮಾತ್ರ ಹಳೆಯದು. ಈಚೆಗೆ ಕೃತಕ ಬುದ್ಧಿಮತ್ತೆಯಿಂದ ಇನ್ನೂ ಸುಲಭವಾಗಿದೆ. ಬೆಕ್ಕು ರೊಟ್ಟಿ ತಟ್ಟಲಿ ಎಂದು ಬರೆದರೆ ಸಾಕು, ತಟ್ಟುತ್ತದೆ. ಮೊದಲು ಗೇಲಿಚಿತ್ರ ಬರೆಯಲು ಕೈ ಪಳಗಬೇಕಿತ್ತು, ಕೈ ಪಳಗುವಷ್ಟರಲ್ಲಿ ಮನಸ್ಸೂ ಒಂದಿಷ್ಟು ಪಳಗುತ್ತಿತ್ತು. ಈಗ ಆ ನಡುವಿನ ಕಾಲ ಇಲ್ಲ.

ಟಾಮ್ ಮತ್ತು ಜೆರ‍್ರಿಯ ನಗುವೂ ಪೂರ್ತಿ ನಿರಪರಾಧಿಯಲ್ಲ. ಹಳೆಯ ಕಂತುಗಳಲ್ಲಿ ಆ ಮನೆಯ ಕೆಲಸದಾಕೆ ಬರುತ್ತಾಳೆ. ಮುಖ ಕಾಣುವುದಿಲ್ಲ. ದಪ್ಪ ಕಪ್ಪು ಕಾಲು, ಸಡಿಲವಾದ ಚಪ್ಪಲಿ, ಕೈಯಲ್ಲೊಂದು ಪೊರಕೆ, ಇಷ್ಟೇ. ಲಿಲಿಯನ್ ರ‍್ಯಾಂಡಾಲ್ಫ್ ಎಂಬ ಕಪ್ಪು ನಟಿ ಅವಳಿಗೆ ಧ್ವನಿ ಕೊಟ್ಟಿದ್ದರು. ಕಪ್ಪು ಹೆಂಗಸೆಂದರೆ ಬಿಳಿಯರ ಅಡುಗೆಮನೆಯ ಕೆಲಸದಾಕೆ, ಅವಳ ಮಾತು ನಗೆಪಾಟಲು ಎಂಬ ಅಂದಿನ ಅಮೆರಿಕದ ಎಣಿಕೆಯೇ ಆ ಪಾತ್ರ. ಅಲ್ಲಿನ ಕಪ್ಪು ಜನರ ಸಂಘಟನೆ ಎನ್‌ಎಎಸಿಪಿ ಆಕ್ಷೇಪಿಸಿತು. 1952ರ ನಂತರ ಆ ಪಾತ್ರ ಬರಲಿಲ್ಲ. 1960ರ ದಶಕದಲ್ಲಿ ಟೀವಿಗಾಗಿ ಹಳೆಯ ಕಂತುಗಳನ್ನು ತಿದ್ದಿ ಅವಳ ಜಾಗದಲ್ಲಿ ಬಿಳಿ ಹೆಂಗಸನ್ನು ಕೂರಿಸಿದ್ದೂ ಉಂಟು. 2014ರಲ್ಲಿ ಅಮೆಜಾನ್ ಮತ್ತು ಆ್ಯಪಲ್ ಕಂಪೆನಿಗಳು ಈ ಚಿತ್ರಗಳಲ್ಲಿ ಜನಾಂಗೀಯ ಪೂರ್ವಗ್ರಹವಿದೆ ಎಂಬ ಎಚ್ಚರಿಕೆಯ ಜೊತೆ ಅವನ್ನು ಒದಗಿಸಿದವು.

ಬೆಕ್ಕು ಚಪ್ಪಟೆಯಾದರೆ ಮರುಕ್ಷಣ ಎದ್ದು ನಿಲ್ಲುತ್ತದೆ. ಹಲ್ಲೆಲ್ಲ ಉದುರಿದರೆ ಮುಂದಿನ ದೃಶ್ಯದಲ್ಲಿ ಹಲ್ಲು ಕಿರಿಯುತ್ತದೆ. ಕಾರ್ಟೂನಿನ ಕರಾಮತ್ತೇ ಅದು. ಮುಖವಿಲ್ಲದ ಆ ಹೆಂಗಸನ್ನು ನೋಡಿ ನಕ್ಕ ಚಿತ್ರಮಂದಿರದಲ್ಲೇ, ಅಥವಾ ಅದರ ಹೊರಗೆ, ಅಂಥದೇ ಕೆಲಸ ಮುಗಿಸಿ ಮನೆಗೆ ಹೋಗುತ್ತಿದ್ದ ಹೆಂಗಸರಿದ್ದರು. ಅವರಿಗೆ ಮುಂದಿನ ದೃಶ್ಯ ಇರಲಿಲ್ಲ.

ನಮ್ಮ ಗ್ರೂಪುಗಳ ಕಡೆ ತಿರುಗಿ ನೋಡೋಣ. ಟಾಮ್ ಮತ್ತು ಜೆರ‍್ರಿಗೆ ನಮ್ಮ ಹುಡುಗರು ಕನ್ನಡದಲ್ಲಿ, ದಖನಿಯಲ್ಲಿ ಧ್ವನಿ ಸೇರಿಸುತ್ತಾರೆ. ಕೆಲವು ಬಹಳ ಸೊಗಸಾಗಿರುತ್ತವೆ. ಸಾಲ ಕೊಟ್ಟವನಾಗಿ ನಾಯಿ, ತಪ್ಪಿಸಿಕೊಂಡು ಓಡುವ ಸಾಲಗಾರನಾಗಿ ಬೆಕ್ಕು. ಇಫ್ತಾರಿಗೆ ಇನ್ನೂ ಎರಡು ನಿಮಿಷವಿರುವಾಗ ಸಮೋಸಾದ ತಟ್ಟೆಯನ್ನೇ ನೋಡುತ್ತಾ ಕೂತ ಇಲಿ. ಇದು ನಮ್ಮನ್ನು ನಾವೇ ನೋಡಿಕೊಂಡು ನಗುವ ನಗು, ಖತೀಬರ ಮನೆಯದು. ಆದರೆ ಹತ್ತರಲ್ಲಿ ಆರು ಕ್ಲಿಪ್ಪುಗಳಲ್ಲಿ ಕೋರೆಹಲ್ಲಿನ ದೊಡ್ಡ ನಾಯಿಯ ಮೇಲೆ 'ಹೆಂಡತಿ' ಎಂದು ಬರೆದಿರುತ್ತದೆ, ನಡುಗುವ ಬೆಕ್ಕಿನ ಮೇಲೆ 'ಗಂಡ' ಎಂದು. ನಾವು ಹೆಂಗಸರು ಇದನ್ನು ನೋಡಿ ಒಂದು ನಗುಮುಖ ಒತ್ತಿ ಮುಂದೆ ಹೋಗುತ್ತೇವೆ. ಒತ್ತದಿದ್ದರೆ ಮುನಿಸಿಕೊಂಡಳು ಎಂದಾಗುತ್ತದೆ.

2019ರಲ್ಲಿ ತ್ರಿವಳಿ ತಲಾಖ್ ವಿರುದ್ಧದ ಕಾನೂನು ಬಂದಾಗ ನಮ್ಮದೇ ಗ್ರೂಪಿನಲ್ಲಿ ಒಂದು ಕಾರ್ಟೂನು ಬಂತು. ಹುಂಜವೊಂದು ಮೂರು ಸಲ ಕೂಗುತ್ತದೆ, ಮೂರನೆಯ ಕೂಗಿಗೆ ಹೇಂಟೆ ರಾಕೆಟ್ಟಿನಂತೆ ಹಾರಿ ತವರುಮನೆಯ ಮಾಡಿನ ಮೇಲೆ ಬೀಳುತ್ತದೆ, ಹಿಂದಿನಿಂದ ಪೊಲೀಸ್ ಸೀಟಿ. ಕಳಿಸಿದವರು ಕಾನೂನನ್ನು ಗೇಲಿ ಮಾಡಲು ಹೊರಟಿದ್ದರು. ಆ ಗ್ರೂಪಿನಲ್ಲೇ ನನ್ನ ಖಾಲಾನ ಮಗಳಿದ್ದಾಳೆ. ಗಂಡ ಬಿಟ್ಟುಹೋಗಿ ಎಂಟು ವರ್ಷ ತವರಿನಲ್ಲಿ ಹೊಲಿಗೆ ಮೆಷಿನ್ನು ತುಳಿದು ಎರಡು ಮಕ್ಕಳನ್ನು ಓದಿಸಿದವಳು. ಆ ದಿನ ನಾನು ಅವರ ಮನೆಯಲ್ಲೇ ಇದ್ದೆ. ಫೋನನ್ನು ಬೋರಲು ಹಾಕಿಟ್ಟು ಕಾಜಾ ಹೊಲಿಯುತ್ತಾ ಕೂತಳು. "ಆಪಾ, ಹೇಂಟೆ ಬಿದ್ದದ್ದು ಸರಿಯಾಗೇ ತೋರಿಸಿದ್ದಾರೆ. ಆಮೇಲೆ ಅದು ಏನು ತಿಂತು ಅಂತ ತೋರಿಸಲಿಲ್ಲ" ಎಂದಳು. ಅಷ್ಟೇ. ಗ್ರೂಪಿನಲ್ಲಿ ಒಂದು ಅಕ್ಷರ ಬರೆಯಲಿಲ್ಲ.

ಇದು ಒಳಮನೆಯ ಮಾತಾಯಿತು. ಹೊರಮನೆಯಲ್ಲಿ ಆದದ್ದು ಮರುವರ್ಷ. ನನ್ನ ಎಸ್ಸೆಸ್ಸೆಲ್ಸಿ ಬ್ಯಾಚಿನದೊಂದು ಗ್ರೂಪಿದೆ. ನಲವತ್ತು ಜನರಲ್ಲಿ ನಾವು ಐದು ಮಂದಿ ಮುಸ್ಲಿಮರು. ಕನ್ನಡ ಮಾಧ್ಯಮದ ಆ ತರಗತಿಯಲ್ಲಿ ನನಗೆ ಒತ್ತಕ್ಷರ ತಿದ್ದಿಸಿದ ಗೆಳತಿಯೊಬ್ಬಳು ಅದರಲ್ಲಿದ್ದಾಳೆ. ಹಬ್ಬಕ್ಕೆ ಅವರ ಮನೆಯ ಒಬ್ಬಟ್ಟು ನಮಗೆ, ಈದಿಗೆ ನಮ್ಮ ಶೀರ್‌ಖುರ್ಮಾ ಅವರಿಗೆ. 2020ರ ಮಾರ್ಚಿನಲ್ಲಿ ದೆಹಲಿಯ ನಿಜಾಮುದ್ದೀನಿನ ತಬ್ಲೀಗಿ ಜಮಾಅತ್ ಕೇಂದ್ರದಲ್ಲಿ ಸೇರಿದ್ದವರಿಗೆ ಕೊರೋನಾ ತಗುಲಿದ ಸುದ್ದಿ ಬಂದದ್ದೇ ತಡ, ದೇಶದ ರೋಗಕ್ಕೆಲ್ಲ ಒಂದೇ ಸಮುದಾಯ ಕಾರಣವೆಂಬ ಚಿತ್ರಗಳು ಮಳೆಯಂತೆ ಸುರಿದವು. ಏಪ್ರಿಲಿನ ಒಂದು ಮಧ್ಯಾಹ್ನ ಆ ಗೆಳತಿಯ ಹೆಸರಿನಿಂದ ಒಂದು ಕ್ಲಿಪ್ಪು ಬಂತು. ಮುಳ್ಳುಮುಳ್ಳಿನ ಹಸಿರು ವೈರಸ್ಸು, ಅದಕ್ಕೊಂದು ಗಡ್ಡ, ತಲೆಗೊಂದು ಬಿಳಿ ಟೋಪಿ. ಮಸೀದಿಯ ಬಾಗಿಲಿನಿಂದ ಕುಪ್ಪಳಿಸುತ್ತಾ ಬಂದು ಸಿಕ್ಕಸಿಕ್ಕವರನ್ನು ಅಪ್ಪಿಕೊಳ್ಳುತ್ತದೆ, ಅಪ್ಪಿಸಿಕೊಂಡವರು ಪಟಪಟನೆ ಬೀಳುತ್ತಾರೆ. ಹಿನ್ನೆಲೆಯಲ್ಲಿ ನಾವೆಲ್ಲ ಚಿಕ್ಕಂದಿನಿಂದ ಕೇಳಿದ ಕಾರ್ಟೂನಿನ ಕುಣಿತದ ಸಂಗೀತ. ಹತ್ತು ನಿಮಿಷದಲ್ಲಿ ಹನ್ನೊಂದು ನಗುಮುಖ ಬಿದ್ದವು. ನಾನು ಎಣಿಸಿದೆ.

ಅದೇ ವಾರ ನಮ್ಮ ಬೀದಿಯ ತರಕಾರಿ ಗಾಡಿಯ ಹುಡುಗ ಪಕ್ಕದ ಬಡಾವಣೆಯಿಂದ ತುಂಬಿದ ಗಾಡಿಯನ್ನು ಹಾಗೇ ತಳ್ಳಿಕೊಂಡು ವಾಪಸ್ಸು ಬಂದಿದ್ದ. ಹೆಸರು ಕೇಳಿ ಕಳಿಸಿಬಿಟ್ಟರಂತೆ. ಅವನನ್ನು ಕಳಿಸಿದವರಲ್ಲಿ ಯಾರೂ ಕೆಟ್ಟವರಾಗಿರಬೇಕೆಂದಿಲ್ಲ. ನಗುತ್ತಾ ನಗುತ್ತಾ ಹೆದರಿಕೊಂಡವರಿರಬಹುದು. ನಗು ಬಾಗಿಲು ತೆರೆದುಕೊಡುತ್ತದೆ. ನಗುವಾಗ ಮನುಷ್ಯ ಕಾವಲು ಬಿಟ್ಟಿರುತ್ತಾನೆ. ಭಾಷಣವಾಗಿ ಬಂದಿದ್ದರೆ ತರ್ಕಕ್ಕೆ ನಿಲ್ಲುತ್ತಿದ್ದ ಮಾತು ಕಾರ್ಟೂನಾಗಿ ಬಂದು ಒಳಗೆ ಕೂತುಬಿಡುತ್ತದೆ.

ಗ್ರೂಪಿನಲ್ಲಿ ಬರೆಯದೆ ಗೆಳತಿಗೆ ಫೋನು ಮಾಡಿದೆ. ಅವಳಿಗೆ ನಿಜವಾಗಿ ಅಚ್ಚರಿಯಾಯಿತು. "ಅಯ್ಯೋ, ಅದು ನಿನ್ನ ಬಗ್ಗೆ ಅಲ್ವೇ. ಯಾರೋ ಹಾಕಿದ್ರು, ಬಂದದ್ದನ್ನು ಕಳಿಸಿದೆ. ಬರೀ ಕಾರ್ಟೂನ್ ಕಣೇ" ಎಂದಳು.

"ಸರಿ, ನಾಳೆ ಲಾಕ್‌ಡೌನ್ ಮುಗೀತು, ನಾನು ನಿಮ್ಮ ಮನೆಗೆ ಬಂದೆ ಅಂದುಕೋ. ಅಮ್ಮನ ಮುಂದೆ, ನನ್ನ ಮುಂದೆ ಆ ಕತೆ ಬಾಯಿಬಿಟ್ಟು ಹೇಳ್ತೀಯಾ?"

ಬಹಳ ಹೊತ್ತು ಸುಮ್ಮನಿದ್ದಳು. "ನಿನ್ನ ಮುಂದೆ ಹೆಂಗೆ ಹೇಳ್ಲಿ?" ಎಂದಳು.

ಅಳಿಸಲು ನೋಡಿದಳು. ಎಲ್ಲರ ಫೋನಿನಿಂದಲೂ ಅಳಿಸುವ ಅವಕಾಶ ಆಗ ಒಂದು ಗಂಟೆ ಚಿಲ್ಲರೆ ಮಾತ್ರ ಇತ್ತು. 2022ರಲ್ಲಿ ಅದನ್ನು ಎರಡು ದಿನಕ್ಕೂ ಹೆಚ್ಚಿಗೆ ವಿಸ್ತರಿಸಿದರು. ಅವಳು ನೋಡುವಷ್ಟರಲ್ಲಿ ಗಂಟೆ ಮೀರಿತ್ತು. ಸಂಜೆ ಗ್ರೂಪಿನಲ್ಲಿ, ಅದನ್ನು ತಾನು ಹಾಕಬಾರದಿತ್ತು ಎಂದು ಒಂದು ಸಾಲು ಬರೆದಳು. ಇಬ್ಬರು ಹೆಬ್ಬೆರಳು ಎತ್ತಿದರು, ಉಳಿದವರು ಸುಮ್ಮನಾದರು. ಮಾರನೆಯ ಬೆಳಿಗ್ಗೆ ಎಂದಿನಂತೆ ಮಿನುಗುವ ಸೂರ್ಯ ಶುಭೋದಯ ಹೇಳಿದ. ಅವಳು ಬರೆದ ಒಂದು ಸಾಲಿನ ಬೆಲೆ ನನಗೆ ಗೊತ್ತು. ನಲವತ್ತು ಜನರ ನಡುವೆ ಹಾಗೆ ಬರೆಯುವುದು ಸುಲಭವಲ್ಲ.

ಆ ವರ್ಷದ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ, ಜಮಾಅತಿಗೆ ಬಂದಿದ್ದ ವಿದೇಶಿಯರ ಮೇಲಿನ ಪ್ರಕರಣಗಳನ್ನು ರದ್ದುಪಡಿಸಿತು. ಅವರನ್ನು ಬಲಿಪಶು ಮಾಡಿದಂತೆ ಕಾಣುತ್ತದೆ ಎಂಬ ಅರ್ಥದ ಮಾತನ್ನೂ ಹೇಳಿತು. ಆ ತೀರ್ಪು ನಮ್ಮ ಬ್ಯಾಚಿನ ಗ್ರೂಪಿಗೆ ಬರಲಿಲ್ಲ. ತೀರ್ಪಿಗೆ ಗಡ್ಡವಿಲ್ಲ, ಟೋಪಿಯಿಲ್ಲ, ಅದು ಕುಪ್ಪಳಿಸುವುದಿಲ್ಲ. ಅದನ್ನು ಯಾರು ಫಾರ್ವರ್ಡ್ ಮಾಡುತ್ತಾರೆ?

ಫಾರ್ವರ್ಡ್ ಮಾಡುವವರ ಕೈ ಹಿಡಿಯಲು ಕಂಪೆನಿಯೂ ಪ್ರಯತ್ನಿಸಿದೆ. 2018ರ ಜುಲೈನಲ್ಲಿ ನಮ್ಮದೇ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸಪ್ ವದಂತಿಗೆ ಹೈದರಾಬಾದಿನ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ದೇಶದಲ್ಲಿ ಅಂಥ ಸಾವುಗಳು ಸಾಲಾಗಿ ಆದ ಆ ದಿನಗಳಲ್ಲೇ, ಭಾರತದಲ್ಲಿ ಒಂದು ಸಲಕ್ಕೆ ಐದಕ್ಕಿಂತ ಹೆಚ್ಚು ಕಡೆಗೆ ಫಾರ್ವರ್ಡ್ ಮಾಡದಂತೆ ವಾಟ್ಸಪ್ ಮಿತಿ ಹಾಕಿತು. ಫಾರ್ವರ್ಡ್ ಆದದ್ದಕ್ಕೆ ಗುರುತು ಬಂತು. ಆಮೇಲೆ, ಬಹಳ ಸಲ ಕೈ ಬದಲಾಯಿಸಿದ್ದಕ್ಕೆ ಎರಡು ಬಾಣದ ಗುರುತು. 2020ರ ಏಪ್ರಿಲಿನಲ್ಲಿ ಆ ಎರಡು ಬಾಣದವನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳಿಸಬಹುದೆಂದಾಯಿತು. ಒಳ್ಳೆಯದೇ. ಆದರೆ ಬಾಣದ ಗುರುತು ಹೇಳುವುದು ಇದು ಎಲ್ಲೆಲ್ಲೋ ಸುತ್ತಿ ಬಂದಿದೆ ಎಂದಷ್ಟೇ. ಕಳಿಸಿದವರು ಅದಕ್ಕೆ ಹೊಣೆಯಲ್ಲ ಎಂದು ಅದನ್ನೇ ಸಮಾಧಾನ ಮಾಡಿಕೊಳ್ಳುವವರೂ ಇದ್ದಾರೆ.

ನಮ್ಮಲ್ಲಿ ಕೆಲವು ಗಂಭೀರ ಜನ ಹಾಸ್ಯವನ್ನೇ ದೀನಿಗೆ ಹೊರತೆಂದು ಕಾಣುತ್ತಾರೆ. ಕಾರ್ಟೂನು ನೋಡಬಹುದೇ ಬಾರದೇ ಎಂಬ ಪ್ರಶ್ನೆಯಲ್ಲಿ ಉಲಮಾಗಳ ನಡುವೆ ಭಿನ್ನಾಭಿಪ್ರಾಯವಿದೆ, ಅದು ಅವರಿಗಿರಲಿ. ನಗುವಿನ ಬಗ್ಗೆ ಮಾತ್ರ ಪ್ರವಾದಿವರ್ಯರ(ಸ) ಜೀವನದಲ್ಲಿ ಬೇಕಾದಷ್ಟು ಇದೆ. ಸವಾರಿಗೆ ಪ್ರಾಣಿ ಕೇಳಿ ಬಂದವನಿಗೆ ಒಂಟೆಯ ಮರಿ ಕೊಡುತ್ತೇನೆ ಎಂದರು. ಮರಿ ಕಟ್ಟಿಕೊಂಡು ಏನು ಮಾಡಲಿ ಎಂದು ಅವನು ಪೇಚಾಡಿದಾಗ, ಯಾವ ಒಂಟೆ ತಾನೇ ಒಂಟೆಯ ಮರಿಯಲ್ಲ ಎಂದು ಕೇಳಿದರು. ಒಂದಕ್ಷರ ಸುಳ್ಳಿಲ್ಲ, ಅವಮಾನವಿಲ್ಲ, ಕೊನೆಗೆ ಅವನಿಗೆ ಒಂಟೆಯೂ ಸಿಕ್ಕಿತು. ನುಐಮಾನ್(ರ) ಎಂಬ ಸಹಾಬಿ ತಮಾಷೆಗೇ ಹೆಸರಾದವರು. ಪೇಟೆಯಲ್ಲಿ ಹೊಸದೇನಾದರೂ ಬಂದರೆ ತಂದು ಪ್ರವಾದಿಯವರಿಗೆ(ಸ) ಕಾಣಿಕೆ ಕೊಡುತ್ತಿದ್ದರು. ಅಂಗಡಿಯವನು ಹಣ ಕೇಳಿದಾಗ ಅವನನ್ನೂ ಅವರ ಮುಂದೆಯೇ ತಂದು ನಿಲ್ಲಿಸಿ, ಇವನ ವಸ್ತುವಿನ ಬೆಲೆ ಕೊಟ್ಟುಬಿಡಿ ಎನ್ನುತ್ತಿದ್ದರು. ಪ್ರವಾದಿಯವರು(ಸ) ನಕ್ಕು ಹಣ ಕೊಡುತ್ತಿದ್ದರು. ಈ ತಮಾಷೆಯಲ್ಲಿ ಮಾಡಿದವರು ಎದುರಿಗಿದ್ದಾರೆ, ಮಾಡಿಸಿಕೊಂಡವರು ಎದುರಿಗಿದ್ದಾರೆ, ಅಂಗಡಿಯವನ ಬಾಕಿಯೂ ತೀರಿದೆ.

ಆದರೆ ಪ್ರಯಾಣದಲ್ಲಿ ಮಲಗಿದ್ದ ಒಬ್ಬನ ಹಗ್ಗವನ್ನು ಸಂಗಾತಿಗಳು ತಮಾಷೆಗೆ ಎತ್ತಿಕೊಂಡು, ಅವನು ಬೆಚ್ಚಿ ಎದ್ದಾಗ, ಒಬ್ಬರನ್ನು ಹೀಗೆ ಹೆದರಿಸುವುದು ಸಲ್ಲದು ಎಂದವರೂ ಅವರೇ. ಜನರನ್ನು ನಗಿಸಲು ಸುಳ್ಳು ಹೇಳುವವನಿಗೆ ಕಟುವಾದ ಎಚ್ಚರಿಕೆ ಕೊಟ್ಟವರೂ ಅವರೇ. ಒಂದು ಗುಂಪು ಇನ್ನೊಂದು ಗುಂಪನ್ನು ಗೇಲಿ ಮಾಡಬಾರದು, ಗೇಲಿಗೊಳಗಾದವರೇ ಮೇಲಾಗಿರಬಹುದು ಎಂಬ ತಿಳಿವಳಿಕೆ ಕುರ್‌ಆನಿನ ಹುಜುರಾತ್ ಅಧ್ಯಾಯದಲ್ಲಿದೆ. ಅಲ್ಲಿ ಹೆಂಗಸರನ್ನು ಬೇರೆಯಾಗಿಯೇ ಹೆಸರಿಸಿ ಹೇಳಿರುವುದನ್ನು ಗಮನಿಸಬೇಕು. ಇದು ನಮ್ಮನ್ನು ಗೇಲಿ ಮಾಡುವವರಿಗೆ ಓದಿ ಹೇಳಲು ಇರುವ ಮಾತಲ್ಲ. ನಮ್ಮ ಗ್ರೂಪಿನ ಹುಂಜ-ಹೇಂಟೆಗೆ, ಇನ್ನೊಂದು ಜಮಾಅತಿನವರ ನಮಾಜನ್ನು ಅಣಕಿಸುವ ಕ್ಲಿಪ್ಪಿಗೆ, ತೊದಲುವವರ, ಕಪ್ಪು ಬಣ್ಣದವರ ಮೇಲಿನ ಜೋಕಿಗೆ ಮೊದಲು ಅನ್ವಯಿಸುವ ಮಾತು.

ನಗುವನ್ನೇ ಬಿಡಬೇಕೆಂದು ನಾನು ಹೇಳುತ್ತಿಲ್ಲ. ಈಜಿಪ್ಟಿನ ಅಧಿಕಾರಿಯೊಬ್ಬರು 2016ರಲ್ಲಿ ಕೈರೋ ವಿಶ್ವವಿದ್ಯಾಲಯದ ಸಭೆಯಲ್ಲಿ ಅರಬ್ ನಾಡುಗಳಲ್ಲಿ ಹಿಂಸೆ ಹೆಚ್ಚಲು ಟಾಮ್ ಮತ್ತು ಜೆರ‍್ರಿಯೂ ಕಾರಣವೆಂದರು. ಜನ ಅವರನ್ನೇ ಜೋಕು ಮಾಡಿಕೊಂಡು ನಕ್ಕರು. ನಗಲೇಬೇಕಾದ ಮಾತದು. ಬೆಕ್ಕು ಇಲಿಯ ಮೇಲೆ ತಪ್ಪು ಹೊರಿಸಿದರೆ ಆಳುವವರ ಕೆಲಸ ಹಗುರವಾಗುತ್ತದೆ. ತಪ್ಪು ಬೆಕ್ಕಿನದಲ್ಲ, ಅದನ್ನು ಯಾರ ಮೇಲೆ ಛೂ ಬಿಡುತ್ತೇವೆ ಎಂಬುದರದು. ನಮ್ಮ ಜನಕ್ಕೆ ನಗು ಬೇಕು. ದಿನ ಬೆಳಗಾದರೆ ಒಂದಲ್ಲ ಒಂದು ಸುದ್ದಿಗೆ ಎದೆ ಹಿಡಿದುಕೊಳ್ಳುವವರಿಗೆ ಮಾಮು ಕಳಿಸುವ ಕೋತಿಯೂ ಒಂದು ಮದ್ದೇ.

ಕತೆ ಬರೆಯುವವರಿಗೆ ಒಂದು ಅಭ್ಯಾಸವಿರುತ್ತದೆ. ಯಾವುದೇ ಮಾತು ಬಂದರೂ ಇದನ್ನು ಯಾರು ಹೇಳುತ್ತಿದ್ದಾರೆ, ಯಾರಿಗೆ ಹೇಳುತ್ತಿದ್ದಾರೆ ಎಂದು ಕೇಳಿಕೊಳ್ಳದೆ ಮುಂದೆ ಹೋಗಲಾಗುವುದಿಲ್ಲ. ಫಾರ್ವರ್ಡ್ ಮಾಡುವಾಗಲೂ ಅದನ್ನೇ ಕೇಳಬಹುದು. ಮಾಡಿದವರು ಯಾರೋ ಇರಲಿ, ನನ್ನ ಫೋನಿನಿಂದ ಹೊರಟ ಕ್ಷಣದಿಂದ ಈ ಜೋಕು ಹೇಳಿದವಳು ನಾನು. ನನ್ನ ಬಾಯಿಂದ ಹೇಳಲಾಗದ್ದನ್ನು ನನ್ನ ಬೆರಳು ಏಕೆ ಹೇಳಬೇಕು?

ಸೋದರನ ಮುಖ ನೋಡಿ ಮುಗುಳ್ನಗುವುದೂ ಸದಖಾ ಎಂಬ ಹದೀಸ್ ನಮ್ಮ ಮದರಸದ ಮಕ್ಕಳಿಗೂ ಬಾಯಿಪಾಠ. ಅದರಲ್ಲಿ ಮುಖದ ಮಾತಿದೆ. ಫೋನಿನಲ್ಲಿ ಮುಖ ಕಾಣುವುದಿಲ್ಲ, ಆಚೆ ಕಡೆ ಕಾಜಾ ಹೊಲಿಯುತ್ತಾ ಕೂತವರಿದ್ದಾರೋ ಗಾಡಿ ತಳ್ಳಿ ದಣಿದವರಿದ್ದಾರೋ ತಿಳಿಯುವುದಿಲ್ಲ. ಕಾಣದ ಆ ಮುಖವನ್ನು ಒಂದು ಗಳಿಗೆ ಕಣ್ಣೆದುರು ತಂದುಕೊಂಡು ಆಮೇಲೆ ಬೆರಳು ಒತ್ತಿದರೆ, ಇಸ್ತ್ರಿಪೆಟ್ಟಿಗೆ ಬಿದ್ದು ಚಪ್ಪಟೆಯಾದ ಬೆಕ್ಕೂ ಸದಖಾ ಆದೀತು.